ತೂರಲಾಗದ ರಾಶಿ

ಶೇಂಗಾ ಬಡಿದಾದ ಮೇಲೆ ಕಣದಲ್ಲಿ ಉಳಿಯುವುದು ಕಲಸುಮೇಲೋಗರದ ರಾಶಿ. ಗಟ್ಟಿ ಕಾಯಿ, ಜೊಳ್ಳು, ಮುರಿದ ಬಳ್ಳಿ, ಒಣಗಿದ ಎಲೆ, ಕೆಮ್ಮಣ್ಣಿನ ಹೆಂಟೆ, ನಡುನಡುವೆ ಬೆಣಚುಕಲ್ಲು. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಸುತ್ತಿನ ಹೊಲಗಳಿಗೆ ಯಂತ್ರ ಬರುವ ಮುಂಚೆ ಇದನ್ನು ಬೇರ್ಪಡಿಸಲು ಬೇಕಾಗಿದ್ದುದು ಒಂದು ಮೊರ, ಎತ್ತರಕ್ಕೆ ನಿಲ್ಲಲು ಒಂದು ಮೆಟ್ಟು, ಮತ್ತು ಗಾಳಿ. ಗಾಳಿ ಬೀಸುವ ಹೊತ್ತಿಗೆ ಕಾದು, ಮೊರವನ್ನು ತಲೆಯೆತ್ತರಕ್ಕೆ ಹಿಡಿದು ಸಣ್ಣಗೆ ಅಲುಗಿಸಿದರೆ ಗಟ್ಟಿ ಕಾಯಿ ಕಾಲಬುಡದಲ್ಲೇ ಬೀಳುತ್ತದೆ, ಜೊಳ್ಳು ಒಂದು ಮಾರು ಆಚೆ, ಎಲೆಯ ಪುಡಿ ಇನ್ನೂ ಆಚೆ. ಬೀಳುವ ವಸ್ತುವನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ಗಾಳಿ ಪಕ್ಕಕ್ಕೆ ತಳ್ಳುತ್ತದೆ. ತೂಕ ಕಡಿಮೆಯಿದ್ದು ಮೈ ಅಗಲವಾಗಿದ್ದರೆ ಗಾಳಿಯ ಕೈ ಮೇಲು. ಮೊರ ಹಿಡಿದ ಹೆಂಗಸು ಒಂದೊಂದು ಕಾಯಿಯನ್ನೂ ನೋಡಬೇಕಾಗಿಲ್ಲ. ಕಾಯಿಗೂ ಹೊಟ್ಟಿಗೂ ಇರುವ ವ್ಯತ್ಯಾಸವೇ ಅವಳ ಪರವಾಗಿ ಕೆಲಸ ಮಾಡುತ್ತದೆ.

ಇದಕ್ಕೊಂದು ಷರತ್ತಿದೆ. ರಾಶಿ ಒಣಗಿರಬೇಕು. ತೂರುವ ನಡುವೆ ಎರಡು ಹನಿ ಮಳೆ ಬಿದ್ದರೂ ಕೆಲಸ ನಿಲ್ಲುತ್ತದೆ. ಒದ್ದೆ ಎಲೆ ಕಾಯಿಗೆ ಅಂಟುತ್ತದೆ, ಮಣ್ಣು ಎರಡಕ್ಕೂ ಮೆತ್ತುತ್ತದೆ, ಹಗುರವಾದದ್ದು ಭಾರವಾಗುತ್ತದೆ. ಎಂಥ ಗಾಳಿ ಬೀಸಿದರೂ ಹಸಿ ರಾಶಿಯನ್ನು ತೂರಲು ಬರುವುದಿಲ್ಲ. ವ್ಯತ್ಯಾಸ ಅಳಿಸಿಹೋಗಿರುತ್ತದೆ.

ಬೆಳೆಯುತ್ತಿರುವ ಊರುಗಳ ಕಸದ ಸಂಕಟವೆಲ್ಲ ಈ ಹಸಿ ರಾಶಿಯಲ್ಲಿದೆ ಎಂದು ನಾನು ನಂಬುತ್ತೇನೆ. ಕಸ ಹೆಚ್ಚಾಗಿದೆ ಎನ್ನುವುದು ನಿಜ. ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಊರುಗಳು 2016ರಲ್ಲಿ 201 ಕೋಟಿ ಟನ್ ಕಸ ಹೊರಹಾಕಿದವು, 2050ಕ್ಕೆ ಅದು 340 ಕೋಟಿ ಟನ್ ಆಗಲಿದೆ. ಏರಿಕೆ ಹೆಚ್ಚು ವೇಗವಾಗಿರುವುದು ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಬಡ ದೇಶಗಳಲ್ಲಿ. ಆದರೆ ಪ್ರಮಾಣ ದೊಡ್ಡದಾದ ಮಾತ್ರಕ್ಕೆ ರೈತ ಹೆದರುವುದಿಲ್ಲ. ನೂರು ಚೀಲದ ರಾಶಿಯಾದರೂ ಒಣಗಿದ್ದರೆ ತೂರಿ ಮುಗಿಸುತ್ತಾನೆ. ಒಂದೇ ಚೀಲವಾದರೂ ನೆನೆದು ಕಲಸಿಹೋಗಿದ್ದರೆ ತಲೆಮೇಲೆ ಕೈ ಹೊತ್ತು ಕೂರುತ್ತಾನೆ.

ನಮ್ಮ ಭಾಷೆಯಲ್ಲಿ ಬೇರ್ಪಡಿಸುವುದಕ್ಕೆ ಎಷ್ಟು ಕ್ರಿಯಾಪದಗಳಿವೆ ನೋಡಿ. ತೂರುವುದು, ಕೇರುವುದು, ಜರಡಿ ಹಿಡಿಯುವುದು, ಜಾಲಿಸುವುದು, ಆರಿಸುವುದು. ಒಂದೊಂದೂ ಒಂದೊಂದು ಗುಣವನ್ನು ಹಿಡಿದು ನಡೆಯುತ್ತದೆ. ಜರಡಿಗೆ ಗಾತ್ರ ಮುಖ್ಯ. ಅಕ್ಕಿ ಜಾಲಿಸುವಾಗ ಸಾಂದ್ರತೆ: ಕಲ್ಲು ತಳದಲ್ಲಿ ನಿಲ್ಲುತ್ತದೆ, ಅಕ್ಕಿ ನೀರಿನ ಜೊತೆ ಜಾರುತ್ತದೆ. ಇಂದಿನ ಒಣ ಕಸದ ಘಟಕಕ್ಕೆ ಹೋದರೆ ಇವೇ ಕ್ರಿಯಾಪದಗಳು ಕಬ್ಬಿಣದ ರೂಪದಲ್ಲಿ ನಿಂತಿರುತ್ತವೆ. ಉರುಳುವ ದೊಡ್ಡ ಜರಡಿ, ಕಾಗದ ಹಾರಿಸುವ ಗಾಳಿಯಂತ್ರ, ತಗಡು ಎತ್ತುವ ಅಯಸ್ಕಾಂತ. ನೀರಿನ ಬಾಟಲಿಯನ್ನು ಮುಚ್ಚಳ ಸಮೇತ ಚೂರು ಮಾಡಿ ತೊಟ್ಟಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನ ಸಾಂದ್ರತೆ ನೀರಿಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು, ಮುಚ್ಚಳದ್ದು ನೀರಿಗಿಂತ ತುಸು ಕಡಿಮೆ. ಅಜ್ಜಿ ಅಕ್ಕಿ ಜಾಲಿಸಿದ್ದೂ ಇದೇ ವಿದ್ಯೆಯಿಂದ.

*

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಯಾವ ಹಾಜರಿ ಪುಸ್ತಕ ತೆಗೆದರೂ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇರುದ್ರಪ್ಪ ಸಿಗುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಈ ಸೀಮೆಯ ಮನೆಮನೆಯ ಹೆಸರಾಗಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಿ ಎಂದು ಕರೆಯುವ ರೂಢಿಯೂ ಇತ್ತು. ಪರಶುರಾಂಪುರದ ಬದಿಯ ವೇದಾವತಿ ಆಂಧ್ರದ ಗಡಿ ದಾಟಿದ ಮೇಲೆ ಸಿಗುವ ಅಣೆಕಟ್ಟಿನ ಹೆಸರು ಭೈರವಾನಿ ತಿಪ್ಪ. ಅಲ್ಲಿ ತಿಪ್ಪ ಎಂದರೆ ದಿಬ್ಬ, ಇಲ್ಲಿ ತಿಪ್ಪೆ ಎಂದರೆ ಗೊಬ್ಬರದ ಗುಡ್ಡೆ. ದೀಪಾವಳಿಯ ಸಂಜೆ ತಿಪ್ಪೆಗೂ ಒಂದು ಹಣತೆ ಇಡುತ್ತಿದ್ದರು, ಹೂವು ಏರಿಸುತ್ತಿದ್ದರು. ಕಸದ ಗುಡ್ಡೆಗೆ ದೀಪ ಹಚ್ಚುವ ಜನ ಕಸವನ್ನು ಏನೆಂದು ತಿಳಿದಿದ್ದರು ಎನ್ನುವುದನ್ನು ನಾವು ನಿಧಾನವಾಗಿ ಯೋಚಿಸಬೇಕು.

ತಿಪ್ಪೆಗೆ ಹೋಗುತ್ತಿದ್ದುದು ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ದನ ತಿಂದು ಬಿಟ್ಟ ದಂಟು, ಒಲೆಯ ಬೂದಿ, ಅಂಗಳ ಗುಡಿಸಿದ್ದು. ಮುಸುರೆ ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಯ ಹೊಟ್ಟೆಗೆ. ಚಳಿಗಾಲದ ಬೆಳಿಗ್ಗೆ ತಿಪ್ಪೆಯನ್ನು ಸಲಿಕೆಯಿಂದ ಕೆದಕಿದರೆ ಹಬೆ ಏಳುತ್ತದೆ. ಒಳಗೆ ಬೆಂಕಿಯಿಲ್ಲ, ಇರುವುದು ಉಸಿರಾಟ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸಗಣಿ, ಹುಲ್ಲುಗಳಲ್ಲಿರುವ ಇಂಗಾಲವನ್ನು ಆಮ್ಲಜನಕದ ನೆರವಿನಿಂದ ಉರಿಸಿ ಬದುಕುತ್ತವೆ. ನಮ್ಮ ಮೈ ಬೆಚ್ಚಗಿರುವುದೂ ಹೀಗೆಯೇ. ನಮ್ಮ ಮೈ ಶಾಖವನ್ನು ಹೊರಗೆ ಬಿಡುತ್ತದೆ, ತಿಪ್ಪೆಯ ದಪ್ಪ ಹೊದಿಕೆ ಬಿಡುವುದಿಲ್ಲ. ಒಳಗಿನ ಬಿಸಿ 40 ಡಿಗ್ರಿ ದಾಟಿದಾಗ ಮೊದಲ ತಂಡದ ಸೂಕ್ಷ್ಮಜೀವಿಗಳು ಹಿಂದೆ ಸರಿದು, ಬಿಸಿಯನ್ನೇ ಇಷ್ಟಪಡುವ ಇನ್ನೊಂದು ತಂಡ ಕೆಲಸ ಹಿಡಿಯುತ್ತದೆ. 55ರಿಂದ 65 ಡಿಗ್ರಿಯವರೆಗೆ ಏರಿದ ಬಿಸಿ ಕೆಲವು ದಿನ ಹಾಗೇ ನಿಂತರೆ ರೋಗಾಣುಗಳೂ ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ. ಆಮೇಲೆ ತಣ್ಣಗಾಗುವಾಗ ಶಿಲೀಂಧ್ರಗಳೂ ಆಕ್ಟಿನೊಮೈಸೀಟ್ಸ್ ಎಂಬ ನೂಲಿನಂಥ ಬ್ಯಾಕ್ಟೀರಿಯಾಗಳೂ ಬಂದು ಗಟ್ಟಿ ನಾರನ್ನು ಮುರಿಯುತ್ತವೆ. ಪಕ್ವವಾದ ಗೊಬ್ಬರ ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುವುದು ಈ ಗುಂಪು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕದಿಂದ. ವರ್ಷಕ್ಕೆ ನಾಲ್ಕಾರು ಹದ ಮಳೆಗೆ ಕಾಯುವ ಈ ಸೀಮೆಯಲ್ಲಿ ಆ ವಾಸನೆ ಯಾರಿಗೂ ಅಪರಿಚಿತವಲ್ಲ.

ಈ ಅಡುಗೆಗೂ ಒಂದು ಹದ ಉಂಟು. ಸೂಕ್ಷ್ಮಜೀವಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಶೇಂಗಾ ಸಿಪ್ಪೆಯಲ್ಲಿ ಇಂಗಾಲ ವಿಪರೀತ, ಶೇಂಗಾ ಹಿಂಡಿಯಲ್ಲಿ ಸಾರಜನಕ ವಿಪರೀತ, ಸಗಣಿ ನಡುವೆ ಎಲ್ಲೋ ಇದೆ. ತೇವ ಅರ್ಧದಷ್ಟಿರಬೇಕು. ಕಡಿಮೆಯಾದರೆ ಜೀವಿಗಳು ಒಣಗುತ್ತವೆ, ಹೆಚ್ಚಾದರೆ ನೀರು ಗಾಳಿಯ ಜಾಗ ಹಿಡಿದು ಉಸಿರುಗಟ್ಟಿಸುತ್ತದೆ. ಯಾರೂ ಅಳತೆ ಹಿಡಿದು ತಿಪ್ಪೆ ಹಾಕಲಿಲ್ಲ. ಒಂದು ಕಾಲಕ್ಕೆ ಎರಡನೇ ಮುಂಬೈ ಎನಿಸಿಕೊಂಡ ಚಳ್ಳಕೆರೆಯ ಎಣ್ಣೆ ಮಿಲ್ಲುಗಳೂ ಅಳತೆಯಿಂದ ನಡೆದವಲ್ಲ. ಆದರೂ ಅಲ್ಲಿ ಬಿಸಾಡುವುದೆಂಬುದು ಇರಲಿಲ್ಲ. ಎಣ್ಣೆ ಮಾರುಕಟ್ಟೆಗೆ, ಹಿಂಡಿ ದನಕ್ಕೂ ಹೊಲಕ್ಕೂ, ಸಿಪ್ಪೆ ಕುಲುಮೆಗೆ, ಬಳ್ಳಿ ಬಣವೆಗೆ.

ಬಳ್ಳಾರಿಯಿಂದ ಹೊಸಪೇಟೆಯ ದಾರಿಯಲ್ಲಿ ಕುಡತಿನಿಯ ಬಳಿ ಒಂದು ಬೂದಿ ದಿಬ್ಬವಿದೆ. ಭೀಮ ಹಿಡಿಂಬನನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದು ಸಗಣಿಯ ಬೂದಿ ಎಂದು ಊಹಿಸಿದ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಇಂಥದೇ ದಿಬ್ಬವಿದ್ದ ಉತ್ನೂರಿನಲ್ಲಿ ಅಗೆದಾಗ ಕಂಬ ನೆಟ್ಟ ಗುಳಿಗಳು, ದನದ ಗೊರಸಿನ ಗುರುತುಗಳು ಸಿಕ್ಕು ಆ ಊಹೆ ಗಟ್ಟಿಯಾಯಿತು. ನಾಲ್ಕೈದು ಸಾವಿರ ವರ್ಷದ ಹಿಂದೆ ಹೊಸ ಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ, ಆಗಾಗ ಸುಟ್ಟ ಗುಡ್ಡೆಗಳು ಇವು. ಈ ನೆಲದ ಅತಿ ಹಳೆಯ ತಿಪ್ಪೆಗಳು ಹೊಲ ಸೇರದೆ ಬೂದಿಯಾದವು. ಸಗಣಿಯನ್ನು ಹೊಲಕ್ಕೆ ಹೊರುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ಬುದ್ಧಿಯಲ್ಲ, ಕಲಿತದ್ದು ಎಂದು ಆ ದಿಬ್ಬ ನೋಡಿದಾಗಲೆಲ್ಲ ಅನ್ನಿಸುತ್ತದೆ. ಕಲಿತದ್ದನ್ನು ಮರೆಯಲೂ ಬಹುದು.

*

ಊರಿನ ಕಸವನ್ನು ಹೊಲಕ್ಕೆ ತಲುಪಿಸುವ ವಿಜ್ಞಾನಕ್ಕೆ ಬೆಂಗಳೂರಿನ ಹೆಸರೇ ಅಂಟಿಕೊಂಡಿದೆ. ಪಠ್ಯಪುಸ್ತಕಗಳಲ್ಲಿ ಗೊಬ್ಬರ ತಯಾರಿಕೆಯ ಎರಡು ಪದ್ಧತಿಗಳನ್ನು ಜೊತೆಜೊತೆಯಾಗಿ ಹೇಳುತ್ತಾರೆ. ಆಲ್ಬರ್ಟ್ ಹೊವಾರ್ಡ್ ರೂಪಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಸಿ.ಎನ್. ಆಚಾರ್ಯ 1939ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಮಗುಚುವ ಕೆಲಸವಿಲ್ಲ. ಉದ್ದನೆಯ ಗುಂಡಿ ತೋಡಿ, ಊರಿನ ಕಸ ಒಂದು ಪದರ, ಮಲ ಒಂದು ಪದರ ಹಾಕುತ್ತ ತುಂಬಿ, ಮೇಲೆ ಮಣ್ಣು ಮೆತ್ತಿ ಆರೆಂಟು ತಿಂಗಳು ಬಿಟ್ಟರೆ ಗೊಬ್ಬರ ಸಿದ್ಧ. ಕೂಲಿ ಕಡಿಮೆ, ಸಾರಜನಕದ ನಷ್ಟವೂ ಕಡಿಮೆ. ಪುರಸಭೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಆ ಗುಂಡಿಗೆ ಮಲ ಬಂದದ್ದು ಹೇಗೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಮನುಷ್ಯರ ತಲೆಯ ಮೇಲೆ ಬಂತು. ಆ ತಲೆಗಳು ಯಾವ ಜಾತಿಯವು ಎಂದು ಎಲ್ಲರಿಗೂ ಗೊತ್ತಿತ್ತು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ನನ್ನ ಲೆಕ್ಕದಲ್ಲಿ ಈ ನಾಡಿನ ಕಸದ ಚರಿತ್ರೆಯ ಅತಿ ದೊಡ್ಡ ಘಟನೆ. ಯಾವ ತಂತ್ರಜ್ಞಾನವೂ ಅದರ ಹತ್ತಿರ ಬರುವುದಿಲ್ಲ. ತಿಪ್ಪೆಯನ್ನು ಹೊಗಳುವಾಗ ಇದನ್ನು ಮರೆತರೆ ಆ ಹೊಗಳಿಕೆ ಸುಳ್ಳಾಗುತ್ತದೆ. ತನ್ನ ಮನೆಯ ತಿಪ್ಪೆಯನ್ನು ತಾನೇ ಹೊಲಕ್ಕೆ ಹೊಡೆದ ರೈತನ ಕತೆ ಒಂದು, ಪರರ ಹೊಲಸನ್ನು ಹುಟ್ಟಿನ ಕಾರಣಕ್ಕೆ ಹೊರಬೇಕಾದವರ ಕತೆ ಇನ್ನೊಂದು.

ಆಚಾರ್ಯರ ಗುಂಡಿ ಕೆಲಸ ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇದೆ. 1939ರ ಊರಿನ ಕಸದಲ್ಲಿ ಕೊಳೆಯದ ವಸ್ತು ತೀರ ಕಡಿಮೆ. ಪಾಲಿಥೀನ್ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಹುಟ್ಟಿದ್ದು 1933ರಲ್ಲಿ. ಕೈಹಿಡಿಕೆಯ ಪ್ಲಾಸ್ಟಿಕ್ ಚೀಲಕ್ಕೆ ಸ್ವೀಡನ್ನಿನ ಕಂಪನಿಯೊಂದು ಪೇಟೆಂಟ್ ಪಡೆದದ್ದು 1965ರಲ್ಲಿ. ಪಾಲಿಥೀನ್ ಎಂದರೆ ಇಂಗಾಲದ ಉದ್ದನೆಯ ಸರಪಳಿ, ಅಕ್ಕಪಕ್ಕ ಜಲಜನಕ, ಅಷ್ಟೇ. ಹುಲ್ಲಿನ ಸೆಲ್ಯುಲೋಸ್ ಕೂಡ ಉದ್ದನೆಯ ಸರಪಳಿಯೇ. ಆದರೆ ಅದರ ಕೊಂಡಿಗಳ ನಡುವೆ ಆಮ್ಲಜನಕ ಇದೆ, ಆ ಜಾಗವನ್ನು ಕತ್ತರಿಸುವ ಕಿಣ್ವಗಳನ್ನು ಸೂಕ್ಷ್ಮಜೀವಿಗಳು ಕೋಟ್ಯಂತರ ವರ್ಷಗಳಿಂದ ಮಸೆದುಕೊಂಡಿವೆ. ಪಾಲಿಥೀನ್ ಸರಪಳಿಯಲ್ಲಿ ಕತ್ತರಿ ಹಾಕಲು ಅಂಥ ಸಂದು ಇಲ್ಲ. ಅದು ಬಿಸಿಲಿಗೆ ಚೂರಾಗುತ್ತದೆ, ಮಣ್ಣಾಗುವುದಿಲ್ಲ. ತಿಪ್ಪೆಯೊಳಗೆ ಬಿದ್ದ ತೆಳು ಹಾಳೆ ತಾನು ಕೊಳೆಯದೆ ಇರುವುದಷ್ಟೇ ಅಲ್ಲ, ಗಾಳಿ ಮತ್ತು ನೀರಿನ ದಾರಿಯನ್ನು ಮುಚ್ಚಿ ಪಕ್ಕದ ಸಗಣಿಯನ್ನೂ ಕೊಳೆಯಲು ಬಿಡುವುದಿಲ್ಲ.

*

ಹಸಿ ರಾಶಿಯನ್ನು ತೂರಲಾಗದಿದ್ದರೆ ಸುಟ್ಟುಬಿಡೋಣ ಎಂಬ ಯೋಚನೆ ಎಲ್ಲ ನಗರಗಳಿಗೂ ಬರುತ್ತದೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದ ಒಂದು ಸ್ಥಾವರ ನಿಂತಿತು. ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ತೆಗೆಯುವ ಗುರಿ. ಪರೀಕ್ಷಾರ್ಥವಾಗಿ ಓಡಿದ್ದು 21 ದಿನ, ಆಮೇಲೆ ನಿಂತಿತು. ಕಾರಣ ಒಲೆ ಹೊತ್ತಿಸುವ ಯಾರಿಗಾದರೂ ಗೊತ್ತಿರುವಂಥದ್ದು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೊಕ್ಯಾಲರಿ ಬೇಕು, ಅದಕ್ಕೂ ಮುಂಚೆ ಕುದಿಯುವ ಮಟ್ಟಕ್ಕೆ ತರಲು ಇನ್ನೊಂದು 70. ಅರ್ಧ ನೀರೇ ಇರುವ ಕಸದ ಒಂದು ಕಿಲೋ ಒಣಗಲಿಕ್ಕೇ 300 ಕಿಲೊಕ್ಯಾಲರಿ ನುಂಗುತ್ತದೆ. ಸ್ಥಾವರಕ್ಕೆ ಕಿಲೋಗೆ 1,400ಕ್ಕೂ ಹೆಚ್ಚು ಕಿಲೊಕ್ಯಾಲರಿ ಕೊಡುವ ಕಸ ಬೇಕಿತ್ತು, ದೆಹಲಿ ಕಳಿಸಿದ್ದು ಅದರ ಅರ್ಧದಷ್ಟನ್ನು. ಉರಿಯುವ ಕಾಗದ, ರಟ್ಟು, ಗಟ್ಟಿ ಪ್ಲಾಸ್ಟಿಕ್‌ಗಳನ್ನು ಚಿಂದಿ ಆಯುವವರು ಮೊದಲೇ ಎತ್ತಿಕೊಂಡಿದ್ದರು. ಕುಲುಮೆಗೆ ಉಳಿದದ್ದು ಒದ್ದೆ ಸಿಪ್ಪೆ, ಮಣ್ಣು, ಬೂದಿ. ಶ್ರೀಮಂತ ದೇಶದ ಕಸಕ್ಕಾಗಿ ಕಟ್ಟಿದ ಒಲೆಗೆ ಬಡ ದೇಶದ ಕಸ ಹಾಕಿದರು. ಕಸಕ್ಕೂ ಒಂದು ಊರು, ಒಂದು ಊಟ, ಒಂದು ಸಂಸಾರ ಇರುತ್ತದೆ ಎಂಬುದು ಯೋಜನೆ ಮಾಡಿದವರಿಗೆ ಹೊಳೆಯಲಿಲ್ಲ.

ಸುಡಲಾಗದಿದ್ದರೆ ಸುರಿಯುವುದು. ಬೆಂಗಳೂರು ಮಾಡಿದ್ದು ಇದನ್ನೇ. 1975ರಲ್ಲೇ ಕಸದಿಂದ ಗೊಬ್ಬರ ಮಾಡಲೆಂದು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿದ್ದ ನಗರ, ಬೆಳೆದಂತೆಲ್ಲ ತನ್ನ ಕಸವನ್ನು ಹಳ್ಳಿಗಳ ಕಡೆಗೆ ತಳ್ಳಿತು. ರಸ್ತೆಬದಿಯಲ್ಲಿ, ಕೆರೆಯಂಗಳದಲ್ಲಿ ಬೀಳುತ್ತಿದ್ದ ಕಸವನ್ನು ಕಂಡು ರೋಸಿದ ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ದೇಶದ ಮೊದಲ ಘನತ್ಯಾಜ್ಯ ನಿಯಮಗಳು 2000ದಲ್ಲಿ ಬಂದದ್ದು ಆ ಮೊಕದ್ದಮೆಯ ಬಲದಿಂದ. ನಿಯಮ ಬಂತು, ಲಾರಿಗಳು ನಿಲ್ಲಲಿಲ್ಲ. ಯಲಹಂಕದಾಚೆಯ ಮಾವಳ್ಳಿಪುರ, ಹೊಸಕೋಟೆ ಕಡೆಯ ಮಂಡೂರು ಬೆಟ್ಟಗಳಾದವು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ಕಸ ವಾರಗಟ್ಟಲೆ ಬೆಂಗಳೂರಿನ ಬೀದಿಗಳಲ್ಲೇ ಕೊಳೆಯಿತು. 2014ರಲ್ಲಿ ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತರು, ಆ ವರ್ಷದ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು.

ಅಂಥ ಬೆಟ್ಟದೊಳಗೆ ಏನಾಗುತ್ತದೆ? ಕೆಳಗಿನ ಪದರಗಳಿಗೆ ಗಾಳಿ ತಲುಪುವುದಿಲ್ಲ. ಆಮ್ಲಜನಕ ಮುಗಿದ ಮೇಲೆ ಉಸಿರಾಡುವ ಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಆಳುತ್ತವೆ. ಅವು ಸಿಪ್ಪೆಯನ್ನು ಮೊದಲು ಹುಳಿಯಾಗಿಸುತ್ತವೆ, ಆಮೇಲೆ ಮೀಥೇನ್ ಆಗಿಸುತ್ತವೆ. ಮೀಥೇನ್ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಮನುಷ್ಯರ ಕೆಲಸದಿಂದ ಹೊರಬೀಳುವ ಮೀಥೇನಿನಲ್ಲಿ ಐದನೇ ಒಂದು ಪಾಲು ಕಸ ಮತ್ತು ಕೊಳಚೆಯದು. ಹುಳಿಯ ಹಂತದಲ್ಲಿ ಮಳೆನೀರು ಇಳಿದರೆ ಕಪ್ಪನೆಯ ರಸ ಒಸರುತ್ತದೆ. ಈ ಹುಳಿರಸ ಬ್ಯಾಟರಿ, ಬಣ್ಣ, ಟ್ಯೂಬ್‌ಲೈಟುಗಳ ಲೋಹಗಳನ್ನು ಕರಗಿಸಿಕೊಂಡು ಭೂಮಿಗಿಳಿಯುತ್ತದೆ. ಹೊಸ ಕಸರಸದ ಕೊಳೆಪ್ರಮಾಣ ಮನೆಯ ಚರಂಡಿ ನೀರಿನ ಹತ್ತಾರು ಪಟ್ಟು ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಾವಳ್ಳಿಪುರದ ರಸವನ್ನೂ ಪಕ್ಕದ ಕುಂಟೆ, ಬಾವಿಯ ನೀರನ್ನೂ ಪರೀಕ್ಷಿಸಿ ಪ್ರಬಂಧ ಬರೆದಿದ್ದಾರೆ. ಆಚಾರ್ಯರು ಗೊಬ್ಬರದ ಗುಂಡಿ ರೂಪಿಸಿದ ಅದೇ ಸಂಸ್ಥೆ, ಅದೇ ನಗರದ ಕಸ.

ಬೆಟ್ಟ ಕುಸಿಯಲೂ ಬಹುದು. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರ ಎಂಬ ಜನವಸತಿಯ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು, ಬಾವಿಗಳು ಮುಚ್ಚಿಹೋದವು, ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಮೆಟ್ರೊ ಮನಿಲಾದ ಪಯಾಟಾಸ್‌ನಲ್ಲಿ 2000ದ ಜುಲೈ 10ರಂದು ಹೀಗೇ ಜಾರಿದ ಗುಡ್ಡ ಅಲ್ಲೇ ಕಸ ಆಯ್ದು ಬದುಕುತ್ತಿದ್ದ 200ಕ್ಕೂ ಹೆಚ್ಚು ಜನರನ್ನು ನುಂಗಿತ್ತು. ಇಂಡೊನೇಷ್ಯಾದ ಲ್ಯೂವಿಗಾಜಾದಲ್ಲಿ 2005ರಲ್ಲಿ, ಆಡಿಸ್ ಅಬಾಬಾದಲ್ಲಿ 2017ರಲ್ಲಿ ಮತ್ತೆ ನೂರಕ್ಕೂ ಮೇಲೆ ಸಾವು. ಪ್ಲಾಸ್ಟಿಕ್ ಹಾಳೆಗಳು ನೀರನ್ನು ಪದರ ಪದರವಾಗಿ ತಡೆಹಿಡಿಯುತ್ತವೆ. ಒಳಗೆ ಒತ್ತಡ ಏರಿದಂತೆ ರಾಶಿಯ ಹಿಡಿತ ಸಡಿಲವಾಗುತ್ತದೆ, ಒಂದು ರಾತ್ರಿಯ ಮಳೆ ಉಳಿದ ಕೆಲಸ ಮುಗಿಸುತ್ತದೆ. ನಾಲ್ಕು ದೇಶ, ನಾಲ್ಕು ಭಾಷೆ, ಸತ್ತವರು ಮತ್ತು ಮನೆ ಕಳೆದುಕೊಂಡವರು ಮಾತ್ರ ಎಲ್ಲ ಕಡೆ ರಾಶಿಯ ಕೆಳಗಿದ್ದವರೇ.

*

ಮತ್ತೆ ಕಣಕ್ಕೆ ಬರೋಣ. ರಾಶಿಯನ್ನು ತೂರಬೇಕಾದದ್ದು ಅದು ನೆನೆಯುವ ಮುಂಚೆ. ಬಾಳೆಹಣ್ಣು ಸುಲಿದವರ ಕೈಯಲ್ಲಿ ಸಿಪ್ಪೆ ಇರುವ ಗಳಿಗೆಯಲ್ಲಿ ಅದು ಬಾಳೆಸಿಪ್ಪೆ ಎಂದು ಅವರಿಗೆ ನೂರಕ್ಕೆ ನೂರು ಗೊತ್ತು. ಆ ಅರಿವಿಗೆ ಕಾಸಿನ ಖರ್ಚಿಲ್ಲ. ಅದೇ ಸಿಪ್ಪೆ ಹಾಲಿನ ಕವರು, ಬ್ಲೇಡು, ಮಗುವಿನ ಡಯಾಪರ್ ಜೊತೆ ಒಂದೇ ಕವರಿಗೆ ಬಿದ್ದು, ಆ ಕವರು ಗಂಟು ಬಿದ್ದು, ಅಂಥ ಸಾವಿರ ಕವರುಗಳನ್ನು ಲಾರಿಯೊಂದು ಅಮುಕಿ ಹಿಂಡಿದ ಮೇಲೆ, ಅದೇ ಅರಿವನ್ನು ಮರಳಿ ಪಡೆಯಲು ಕೋಟಿ ರೂಪಾಯಿಯ ಯಂತ್ರ ಬೇಕು. ಯಂತ್ರಕ್ಕೂ ಪೂರ್ತಿ ಆಗುವುದಿಲ್ಲ. ಭೌತವಿಜ್ಞಾನ ಇದನ್ನು ಎಂಟ್ರೊಪಿ ಎನ್ನುತ್ತದೆ. ಕಲಸುವುದು ತಾನಾಗಿ ಆಗುತ್ತದೆ, ಬೇರ್ಪಡಿಸಲು ಶಕ್ತಿಯೂ ತಿಳಿವಳಿಕೆಯೂ ಬೇಕು. ಆ ತಿಳಿವಳಿಕೆ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ಜಾಗ ಅಡುಗೆಮನೆ.

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದ್ದು ಈ ಜಾಗದಲ್ಲಿ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡಯಾಪರ್, ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಮರುವರ್ಷದ ಕೇಂದ್ರ ನಿಯಮಗಳು ದೇಶಕ್ಕೆಲ್ಲ ಮೂರು ಪಾಲಿನ ವಿಂಗಡಣೆ ವಿಧಿಸಿದವು. ನ್ಯಾಯಾಲಯಕ್ಕಿಂತ ಮೊದಲೇ ಈ ಕೆಲಸ ಮಾಡುತ್ತಿದ್ದವರು ಚಿಂದಿ ಆಯುವವರು. ಹಾಲಿನ ಕವರು ಯಾವುದು, ಎಣ್ಣೆಯ ಕವರು ಯಾವುದು, ಯಾವ ಬಾಟಲಿ ಯಾವ ರಾಶಿಗೆ ಹೋಗಬೇಕು ಎಂದು ಕೈಯಲ್ಲಿ ಮುಟ್ಟಿ, ಸದ್ದು ಕೇಳಿ ಹೇಳಬಲ್ಲವರು. ಬೆಂಗಳೂರು ಪಾಲಿಕೆ 2011ರಿಂದ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು, ಹಸಿರು ದಳದಂಥ ಸಂಸ್ಥೆಗಳ ಒತ್ತಾಯದಿಂದ ಕೆಲವರು ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವವರಾದರು. ಹಸಿ ರಾಶಿಯನ್ನು ಬರಿಗೈಯಲ್ಲಿ ಆರಿಸುತ್ತಿದ್ದವರು ಒಣ ರಾಶಿಯ ಒಡೆಯರಾದದ್ದು ಇದು. ಮನೆಯವರು ಬೇರ್ಪಡಿಸದೆ ಕೊಟ್ಟ ಪ್ರತಿ ಕವರೂ ಅವರನ್ನು ಹಿಂದಿನ ಜಾಗಕ್ಕೆ ತಳ್ಳುತ್ತದೆ. ಪೌರಕಾರ್ಮಿಕರ ಬೆರಳಿಗೆ ಬ್ಲೇಡು ತಗಲುವುದು ವಿಜ್ಞಾನದ ಸಮಸ್ಯೆಯಲ್ಲ, ನಮ್ಮ ಅಡುಗೆಮನೆಯ ಸಮಸ್ಯೆ.

ಈ ಅಧ್ಯಾಯವನ್ನು ಬೆಂಗಳೂರಿನಿಂದ ಬರೆಯದೆ ಚಳ್ಳಕೆರೆ ಸೀಮೆಯಿಂದ ಬರೆಯಲು ಒಂದು ಕಾರಣವಿದೆ. ಇಲ್ಲಿ ಇನ್ನೂ ಕಾಲ ಮೀರಿಲ್ಲ. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್, ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ನೆಲೆ ಬಂದಿವೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಇಳಿಸಿದ್ದು ಇಲ್ಲಿಯೇ. ಹೊಸ ಜನ, ಹೊಸ ಬಡಾವಣೆ, ಹೊಸ ಹೋಟೆಲು. 2011ರ ಜನಗಣತಿಯಲ್ಲಿ ಚಳ್ಳಕೆರೆ ಪಟ್ಟಣದ ಜನ ಸುಮಾರು 55 ಸಾವಿರ. ತಲೆಗೆ ದಿನಕ್ಕೆ 300 ಗ್ರಾಂ ಕಸ ಎಂದು ಹಿಡಿದರೂ 16 ಟನ್ ಮೀರುತ್ತದೆ. ಅದರಲ್ಲಿ ಅರ್ಧ ಹಸಿ ಕಸ, 8 ಟನ್. ಕೊಳೆತು, ಆವಿಯಾಗಿ, ಗೊಬ್ಬರವಾಗಿ ಉಳಿಯುವುದು ಅದರ ಕಾಲು ಭಾಗ, ದಿನಕ್ಕೆ 2 ಟನ್. ವರ್ಷಕ್ಕೆ 730 ಟನ್. ಎಕರೆಗೆ 3 ಟನ್ ಕೊಟ್ಟರೆ 240 ಎಕರೆ ಶೇಂಗಾ ಹೊಲ. ದೊಡ್ಡ ಲೆಕ್ಕವಲ್ಲ ಇದು, ತಾಲ್ಲೂಕಿನ ಶೇಂಗಾ ಭೂಮಿಯ ಒಂದು ಮೂಲೆಗೂ ಸಾಲದು. ಆದರೆ ಸಾವಯವ ಇಂಗಾಲ ಸೋರಿಹೋದ, ನೀರು ಹಿಡಿಯದ ಈ ಕೆಮ್ಮಣ್ಣಿಗೆ ಮಳೆಯ ಎರಡು ಹದದ ನಡುವೆ ತೇವ ಉಳಿಸಿಕೊಡುವುದು ಗೊಬ್ಬರವೇ ಹೊರತು ಯೂರಿಯಾ ಅಲ್ಲ. ಬೆಂಗಳೂರಿನ ಗೊಬ್ಬರ ಹೊಲ ಕಾಣಬೇಕಾದರೆ ಐವತ್ತು ಅರವತ್ತು ಕಿಲೋಮೀಟರ್ ಲಾರಿ ಏರಬೇಕು. ಚಳ್ಳಕೆರೆಯಲ್ಲಿ ಕೊನೆಯ ಬೀದಿ ಮುಗಿದಲ್ಲಿ ಹೊಲ ಶುರುವಾಗುತ್ತದೆ, ಪರಶುರಾಂಪುರದಲ್ಲಿ ಬೀದಿಗೂ ಹೊಲಕ್ಕೂ ನಡುವೆ ಗಡಿಯೇ ಇಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಈಗ ಸ್ವಚ್ಛ ವಾಹಿನಿ ಓಡುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಡ್ರೈವಿಂಗ್ ಕಲಿತು ಆಟೊ ನಡೆಸುತ್ತಾರೆ, ಒಣ ಕಸವನ್ನು ಸ್ವಚ್ಛ ಸಂಕೀರ್ಣಕ್ಕೆ ತಂದು ಆರಿಸಿ ಗುಜರಿಯವರಿಗೆ ಕೊಡುತ್ತಾರೆ. ಹಸಿ ಕಸವನ್ನು ಆಟೊಗೆ ಕೊಡಬೇಡಿ, ತಿಪ್ಪೆಗೆ ಹಾಕಿ ಎನ್ನುವುದಷ್ಟೇ ಇಲ್ಲಿ ಸಾಕು. ತಿಪ್ಪೆ ಇರುವ ಊರಿಗೆ ಕಾಂಪೋಸ್ಟ್ ಯಂತ್ರ ಮಾರಲು ಬರುವವರನ್ನು ಕಂಡರೆ ನನಗೆ ದಿಗಿಲಾಗುತ್ತದೆ.

ಹೋದ ಬೇಸಿಗೆ ಪರಶುರಾಂಪುರದಾಚೆ ಒಂದು ಹೊಲದ ಬದುವಿನ ಮೇಲೆ ನಿಂತಿದ್ದೆ. ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಸುರಿದು ಹೋಗಿತ್ತು, ಗುಪ್ಪೆಗಳನ್ನು ಹರವಿ ಆಗಿತ್ತು. ವಯಸ್ಸಾದವರೊಬ್ಬರು ಬಗ್ಗಿ ಬಗ್ಗಿ ಏನೋ ಆಯುತ್ತಿದ್ದರು. ಹತ್ತಿರ ಹೋದೆ. ಶಾಂಪೂ ಪೊಟ್ಟಣ, ಗುಟ್ಕಾ ಪೊಟ್ಟಣ, ಹಾಲಿನ ಕವರಿನ ಮೂಲೆ, ಹರಿದ ಅಂಗಡಿ ಕವರು.

'ಏನಜ್ಜ, ಒಂದೊಂದೇ ಆರಿಸ್ತಿದ್ದೀರಿ?' ಎಂದೆ.

'ಶೇಂಗಾ ಹೂವಾದ ಮ್ಯಾಲೆ ಸೂಜಿ ನೆಲಕ್ಕೆ ಇಳೀಬೇಕಲ್ಲಪ್ಪಾ. ಇವು ಅಡ್ಡ ಬಂದ್ರೆ ಎಲ್ಲಿಗೆ ಇಳೀತದೆ?'

ಶೇಂಗಾ ಗಿಡದ ವಿಚಿತ್ರ ಅದು. ಹೂವು ಮೇಲೆ ಅರಳುತ್ತದೆ, ಅದರ ಬುಡದಿಂದ ಸೂಜಿಯಂಥ ಕಡ್ಡಿ ಹೊರಟು ಮಣ್ಣೊಳಗೆ ಇಳಿದ ಮೇಲೆಯೇ ಕಾಯಿ ಕಟ್ಟುತ್ತದೆ. ಅಜ್ಜ ಆಯ್ದದ್ದನ್ನೆಲ್ಲ ಟವೆಲಿನ ಸೆರಗಿನಿಂದ ಹಳೆಯ ಗೊಬ್ಬರದ ಚೀಲಕ್ಕೆ ಸುರಿದು, ಬಾಯಿ ಬಿಗಿದು, ಬದುವಿನ ಬೇವಿನ ಮರದ ಕವಲಿಗೆ ಸಿಕ್ಕಿಸಿದರು. ಪಂಚಾಯಿತಿ ಗಾಡಿ ಹೊಲದವರೆಗೆ ಬರುವುದಿಲ್ಲ, ಊರಿಗೆ ಹೋಗುವಾಗ ಒಯ್ಯಬೇಕು ಎಂದರು. ಕವಲಿನಲ್ಲಿ ಅಂಥವೇ ಇನ್ನೂ ಮೂರು ಚೀಲಗಳಿದ್ದವು.